ಡಬ್ಲ್ಯೂಎಐ-ಆರಿಯಾ

ಡಬ್ಲ್ಯೂಎಐ-ಆರಿಯಾ ಎಂಬುದು ಗುಂಡಿ, ಟ್ಯಾಬ್, ಆಯ್ಕೆಪಟ್ಟಿ, ಕ್ಯಾಲೆಂಡರ್ ಮೊದಲಾದ ಸಂವಾದಾತ್ಮಕ ಭಾಗಗಳಿರುವ ಜಾಲಪುಟಗಳನ್ನು ಅಂಧರು ಹಾಗೂ ಇತರ ವಿಕಲಚೇತನರು ಬಳಸಲು ಅನುವಾಗುವಂತೆ ರೂಪಿಸುವುದಕ್ಕಾಗಿ ಇರುವ ತಾಂತ್ರಿಕ ಮಾನಕ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ (ಡಬ್ಲ್ಯೂ3ಸಿ) ಇದನ್ನು ಪ್ರಕಟಿಸಿದೆ. ಸಂಕ್ಷಿಪ್ತವಾಗಿ ಇದನ್ನು ಆರಿಯಾ ಎಂದು ಕರೆಯಲಾಗುತ್ತದೆ. ಪುಟದ ತೋರಿಕೆಯನ್ನಾಗಲಿ ವರ್ತನೆಯನ್ನಾಗಲಿ ಇದು ಬದಲಿಸುವುದಿಲ್ಲ. ತೆರೆಯ ಮೇಲಿನ ಒಂದು ಭಾಗ ಏನು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ತಿಳಿಸುವುದಷ್ಟೇ ಇದರ ಕೆಲಸ.

ಹಿನ್ನೆಲೆ

ಅಂಧ ಬಳಕೆದಾರರು ಗಣಕಯಂತ್ರವನ್ನು ಸಾಮಾನ್ಯವಾಗಿ ಮೌಸ್ ಇಲ್ಲದೆ, ಕೀಲಿಮಣೆಯಿಂದಲೇ ನಡೆಸುತ್ತಾರೆ. ಎನ್‌ವಿಡಿಎ, ಜಾಸ್, ವಾಯ್ಸ್‌ಓವರ್ ಮುಂತಾದ ಸ್ಕ್ರೀನ್ ರೀಡರ್‌ಗಳು ತೆರೆಯಲ್ಲಿರುವುದನ್ನು ಕೃತಕ ಧ್ವನಿಯಲ್ಲಿ ಓದಿ ಹೇಳುತ್ತವೆ ಅಥವಾ ಬ್ರೈಲ್ ಸಾಧನಕ್ಕೆ ಕಳುಹಿಸುತ್ತವೆ. ಆರಂಭದ ಜಾಲಪುಟಗಳಲ್ಲಿ ಶೀರ್ಷಿಕೆ, ಪಠ್ಯ, ಕೊಂಡಿ ಮತ್ತು ಸರಳ ನಮೂನೆಗಳೇ ಹೆಚ್ಚಾಗಿದ್ದವು. ಎಚ್‌ಟಿಎಂಎಲ್‌ನಲ್ಲಿ ಇವುಗಳಿಗೆ ಪ್ರತ್ಯೇಕ ಅಂಶಗಳಿದ್ದುದರಿಂದ ಅವುಗಳನ್ನು ಗುರುತಿಸುವುದು ಕಷ್ಟವಾಗಿರಲಿಲ್ಲ.

2004-05ರ ಹೊತ್ತಿಗೆ ಜಿಮೇಲ್ ಮತ್ತು ಗೂಗಲ್ ಮ್ಯಾಪ್ಸ್‌ಗಳ ಮಾದರಿಯ, ಪುಟ ಮರುಲೋಡ್ ಆಗದೆಯೇ ಬದಲಾಗುವ ತಾಣಗಳು ಬಂದವು. ಅರ್ಥವಿಲ್ಲದ ‘ಡಿವ್’ ಅಂಶಕ್ಕೆ ಬಣ್ಣ ಹಚ್ಚಿ, ಜಾವಾಸ್ಕ್ರಿಪ್ಟ್ ಸೇರಿಸಿ ಗುಂಡಿಯಂತೆ ಕಾಣಿಸುವ ಪದ್ಧತಿ ಬೆಳೆಯಿತು. ಅದು ಕಣ್ಣಿಗೆ ಗುಂಡಿ; ಸ್ಕ್ರೀನ್ ರೀಡರ್‌ಗೆ ಬರಿಯ ಪಠ್ಯ. ಟ್ಯಾಬ್ ಕೀಲಿಯನ್ನು ಎಷ್ಟು ಸಲ ಒತ್ತಿದರೂ ಅದರ ಬಳಿಗೆ ತಲುಪಲಾಗುವುದಿಲ್ಲ. ಟಿಕೆಟ್ ಕಾಯ್ದಿರಿಸುವ ಪುಟದ ಕ್ಯಾಲೆಂಡರ್ ಹೀಗೆ ರಚಿತವಾಗಿದ್ದರೆ, ಹೆಸರು, ಊರು ಎಲ್ಲವನ್ನೂ ತುಂಬಿದ ಅಂಧ ಪ್ರಯಾಣಿಕರು ದಿನಾಂಕದ ಬಳಿ ನಿಂತುಬಿಡಬೇಕಾಗುತ್ತದೆ. ಬ್ಯಾಂಕಿನ ಪುಟದಲ್ಲಿ ಇದೇ ಆದರೆ ಖಾತೆಯ ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳದೆ ಗತ್ಯಂತರವಿರುವುದಿಲ್ಲ.

ಈ ಕೊರತೆಯನ್ನು ನೀಗಿಸಲು ಐಬಿಎಂ ಸಂಸ್ಥೆಯು 2005ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ಗೆ ನೀಡಿದ ಸಂಕೇತವು ಆರಿಯಾದ ಮೊದಲ ರೂಪಗಳಲ್ಲೊಂದು. ಮಾನಕದ 1.0 ಆವೃತ್ತಿಯು 2014ರ ಮಾರ್ಚ್‌ನಲ್ಲಿ, 1.1 ಆವೃತ್ತಿಯು 2017ರಲ್ಲಿ, 1.2 ಆವೃತ್ತಿಯು 2023ರಲ್ಲಿ ಡಬ್ಲ್ಯೂ3ಸಿಯ ಅಧಿಕೃತ ಶಿಫಾರಸುಗಳಾದವು.

ಕಾರ್ಯವಿಧಾನ

ಬ್ರೌಸರ್ ಪ್ರತಿ ಪುಟಕ್ಕೂ ಕಣ್ಣಿಗೆ ಕಾಣುವ ಚಿತ್ರಣದ ಜೊತೆಗೆ ‘ಸುಗಮ್ಯತಾ ವೃಕ್ಷ’ ಎಂಬ ಇನ್ನೊಂದು ರಚನೆಯನ್ನೂ ಕಟ್ಟುತ್ತದೆ. ಸ್ಕ್ರೀನ್ ರೀಡರ್ ಮುಖ್ಯವಾಗಿ ಅವಲಂಬಿಸುವುದು ಇದನ್ನೇ. ಆರಿಯಾ ಗುಣಲಕ್ಷಣಗಳು ಈ ವೃಕ್ಷದಲ್ಲಿ ಒಂದು ಅಂಶದ ಪಾತ್ರ, ಸ್ಥಿತಿ ಮತ್ತು ಲಕ್ಷಣಗಳನ್ನು ನಮೂದಿಸುತ್ತವೆ. ಅದು ಚೆಕ್‌ಬಾಕ್ಸ್ ಎಂಬುದು ಪಾತ್ರ, ಗುರುತು ಹಾಕಿದೆಯೇ ಇಲ್ಲವೇ ಎಂಬುದು ಸ್ಥಿತಿ, ತುಂಬಲೇಬೇಕಾದದ್ದು ಎಂಬುದು ಲಕ್ಷಣ.

ತಾವಾಗಿ ಬದಲಾಗುವ ಭಾಗಗಳಿಗೆ ‘ಲೈವ್ ರೀಜನ್’ ಎಂಬ ವ್ಯವಸ್ಥೆಯಿದೆ. ಹುಡುಕಾಟದ ಫಲಿತಾಂಶ ಬಂದದ್ದನ್ನು ನೋಡುವವರು ಕೂಡಲೇ ಗಮನಿಸುತ್ತಾರೆ; ಕೇಳುವವರ ಗಮನ ಪುಟದ ಬೇರೆಲ್ಲೋ ಇರುತ್ತದೆ. ‘ಪೊಲೈಟ್’ ಎಂದು ಗುರುತಿಸಿದ ಬದಲಾವಣೆಯನ್ನು ಓದುತ್ತಿರುವ ಮಾತು ಮುಗಿದ ಮೇಲೆ ಹೇಳಲಾಗುತ್ತದೆ. ‘ಅಸರ್ಟಿವ್’ ಎಂದರೆ ಮಾತನ್ನು ತಡೆದಾದರೂ ಹೇಳಬೇಕಾದ ತುರ್ತಿನದು. ಜಾಹೀರಾತಿಗೂ ಎರಡನೆಯದನ್ನೇ ಬಳಸಿದರೆ ಪುಟವನ್ನು ಓದುವುದೇ ಅಸಾಧ್ಯವಾಗುತ್ತದೆ.

ಮಿತಿಗಳು

ಎಚ್‌ಟಿಎಂಎಲ್‌ನಲ್ಲಿ ತಕ್ಕ ಅಂಶವಿದ್ದರೆ ಅದನ್ನೇ ಬಳಸಬೇಕು ಎಂಬುದು ಆರಿಯಾ ಬಳಕೆಯ ಮೊದಲ ನಿಯಮ. ‘ಡಿವ್’ಗೆ ಗುಂಡಿಯ ಪಾತ್ರ ಕೊಟ್ಟ ಮಾತ್ರಕ್ಕೆ ಅದು ಎಂಟರ್ ಅಥವಾ ಸ್ಪೇಸ್ ಕೀಲಿಗೆ ಸ್ಪಂದಿಸುವುದಿಲ್ಲ, ಆ ವರ್ತನೆಯನ್ನು ರಚನೆಕಾರರೇ ಬರೆಯಬೇಕು. ಬರೆಯದಿದ್ದರೆ, ಮೊದಲು ಮೌನವಾಗಿದ್ದ ಗುಂಡಿ ಈಗ ಸುಳ್ಳು ಹೇಳುತ್ತದೆ. ಸಾಧಾರಣ ಕೊಂಡಿಗಳ ಸಾಲಿಗೆ ‘ಮೆನು’ ಪಾತ್ರ ಕೊಡುವುದೂ ಇಂಥದ್ದೇ ತಪ್ಪು: ಬಳಕೆದಾರರು ಬಾಣದ ಕೀಲಿಗಳಿಂದ ಚಲಿಸಬಹುದೆಂದು ನಿರೀಕ್ಷಿಸುತ್ತಾರೆ, ಆದರೆ ಅವು ಕೆಲಸ ಮಾಡುವುದಿಲ್ಲ. ಹತ್ತು ಲಕ್ಷ ಮುಖಪುಟಗಳನ್ನು ಪರೀಕ್ಷಿಸುವ ವೆಬ್‌ಏಮ್ ಸಂಸ್ಥೆಯ ವಾರ್ಷಿಕ ಸಮೀಕ್ಷೆಗಳಲ್ಲಿ, ಆರಿಯಾ ಇರುವ ಪುಟಗಳಲ್ಲೇ ಸರಾಸರಿ ಹೆಚ್ಚು ದೋಷಗಳು ಕಂಡುಬಂದಿವೆ. ಅಂತಹ ಪುಟಗಳ ರಚನೆಯೂ ಹೆಚ್ಚು ಸಂಕೀರ್ಣವಾಗಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಕನ್ನಡ ಪುಟಗಳಲ್ಲಿ

ಪುಟದ ಭಾಷೆ ಕನ್ನಡವೆಂದು ‘ಕೆಎನ್’ ಸಂಕೇತದ ಮೂಲಕ ಸೂಚಿಸಿದ್ದರೆ, ಸ್ಕ್ರೀನ್ ರೀಡರ್ ಕನ್ನಡ ಧ್ವನಿಗೆ ಬದಲಾಗಬಲ್ಲದು. ಎನ್‌ವಿಡಿಎ ಜೊತೆಗೆ ಬರುವ ಇ-ಸ್ಪೀಕ್ ಎನ್‌ಜಿ ಧ್ವನಿ ತಂತ್ರಾಂಶದಲ್ಲಿ ಕನ್ನಡವೂ ಇದೆ. ಪಾತ್ರದ ಹೆಸರನ್ನು ಸ್ಕ್ರೀನ್ ರೀಡರ್ ತನ್ನ ಭಾಷೆಯಲ್ಲಿ ಹೇಳುತ್ತದೆ. ಆದರೆ ‘ಆರಿಯಾ-ಲೇಬಲ್’ನ ಪಠ್ಯವನ್ನು ಬರೆದಿದ್ದಂತೆಯೇ ಓದುತ್ತದೆ. ಈ ಪಠ್ಯ ಕಣ್ಣಿಗೆ ಕಾಣದ ಕಾರಣ ಅನುವಾದದಲ್ಲಿ ಸುಲಭವಾಗಿ ಬಿಟ್ಟುಹೋಗುತ್ತದೆ. ಪೂರ್ತಿ ಕನ್ನಡದಲ್ಲಿರುವ ಪುಟದ ಗುಂಡಿಯೂ ಆಗ ಇಂಗ್ಲಿಷ್‌ನಲ್ಲಿ ಮಾತನಾಡುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳ ಪಠ್ಯವಂತೂ ಅರ್ಥವಿಲ್ಲದ ಚಿಹ್ನೆಗಳಾಗಿ ಕೇಳಿಸುತ್ತದೆ. ಅದನ್ನು ಆರಿಯಾದಿಂದ ಸರಿಪಡಿಸಲಾಗದು.

ಭಾರತದಲ್ಲಿ ಕಾನೂನು

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 42ನೇ ಕಲಮು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸುಗಮ್ಯತೆಗೆ ಸಂಬಂಧಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪು ನೀಡಿತು. ಬ್ಯಾಂಕ್ ಮೊದಲಾದ ಸೇವೆಗಳಿಗೆ ಬೇಕಾದ ಆನ್‌ಲೈನ್ ಗುರುತು ಪರಿಶೀಲನೆಯು ಆಸಿಡ್ ದಾಳಿಯ ಸಂತ್ರಸ್ತರಿಗೂ ಅಂಧರಿಗೂ ಅಸಾಧ್ಯವಾಗಿದ್ದುದು ಈ ಪ್ರಕರಣದ ವಿಷಯವಾಗಿತ್ತು. ಅರ್ಜಿದಾರರು ಜೀವಂತ ವ್ಯಕ್ತಿಯೆಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಷರತ್ತಿಗೆ ಪರ್ಯಾಯ ವಿಧಾನಗಳಿರಬೇಕೆಂದು ನ್ಯಾಯಾಲಯ ನಿರ್ದೇಶಿಸಿತು.