ಹಬ್ಬದ ಒಲೆ: ಶಿವಮೊಗ್ಗ–ಭದ್ರಾವತಿಯ ನಮ್ಮ ಮನೆಗಳಲ್ಲಿ ಮಾಂಸದಡಿಗೆ ನಡೆದು ಬಂದ ದಾರಿ

ಧರ್ಮಕೇಂದ್ರದ ಚರಿತ್ರೆ ಎಂದೊಡನೆ ನಮ್ಮ ಕೈ ಹೋಗುವುದು ಕಪಾಟಿನ ದಾಖಲೆ ಪುಸ್ತಕಗಳಿಗೆ. ಜ್ಞಾನಸ್ನಾನ, ವಿವಾಹ, ಮರಣ ಇವುಗಳ ತಾರೀಖು, ಸಾಕ್ಷಿಗಳ ಹೆಸರು, ಗುರುಗಳ ರುಜು ಎಲ್ಲವೂ ಅಲ್ಲಿ ಉಂಟು. ಆದರೆ ಆ ಜ್ಞಾನಸ್ನಾನದ ದಿನ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತು, ಆ ಮದುವೆಯ ಊಟಕ್ಕೆ ಮಸಾಲೆ ಅರೆದ ತಾಯಂದಿರು ಯಾರು ಎಂಬುದನ್ನು ಯಾವ ಪುಸ್ತಕವೂ ಹೇಳದು. ಬಲ್ಲವರು ಈಗ ಎಂಬತ್ತು ದಾಟಿದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇದ್ದಾರೆ. ಆದುದರಿಂದ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಅಡಿಗೆಮನೆಗೆ ಮೀಸಲಿಡಲು ನಾವು ಮನಸ್ಸು ಮಾಡಿದೆವು. ಇದು ಲಘುವಾದ ವಿಷಯವೆಂದು ಯಾರಾದರೂ ಭಾವಿಸಿದರೆ, ಪ್ರಭು ಯೇಸು ತಮ್ಮ ಶಿಷ್ಯರೊಡನೆ ಕೊನೆಯ ರಾತ್ರಿ ಕಳೆದದ್ದು ಊಟದ ಪಂಕ್ತಿಯಲ್ಲಿ ಎಂಬುದನ್ನು ಅವರು ನೆನೆಯಬೇಕು.

ಈ ನಾಡಿನಲ್ಲಿ ಮಾಂಸದಡಿಗೆ ಕ್ರೈಸ್ತರೊಡನೆ ಬಂದದ್ದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಕುರಿ, ಹಂದಿ, ಮೀನುಗಳನ್ನು ಹಸನು ಮಾಡುವ, ಸುಡುವ, ಬೇಯಿಸುವ ಕ್ರಮಗಳನ್ನು ಅರಸನು ಅಲ್ಲಿ ನಾಚಿಕೆಯಿಲ್ಲದೆ ವಿವರಿಸುತ್ತಾನೆ. ಹಂದಿಯ ಮೈಗೆ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ತೆಗೆಯುವ ವಿಧಾನವನ್ನು ಓದಿದಾಗ, ಕ್ರಿಸ್ತಜಯಂತಿಯ ಮುನ್ನಾದಿನ ನಮ್ಮ ಹಿರಿಯರು ಹಿತ್ತಿಲಲ್ಲಿ ಮಾಡುತ್ತಿದ್ದುದೇ ಕಣ್ಣ ಮುಂದೆ ಬರುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಆ ಅರಸರ ಆಳ್ವಿಕೆಯ ದೊಡ್ಡ ಪಟ್ಟಣವಾಗಿತ್ತು ಎಂಬುದನ್ನು ಮರೆಯಬಾರದು. ಆ ಗ್ರಂಥದಲ್ಲಿ ಇಲ್ಲದ ಒಂದು ವಸ್ತುವೆಂದರೆ ಮೆಣಸಿನಕಾಯಿ. ಆಗ ಖಾರವೆಂದರೆ ಕರಿಮೆಣಸು, ಶುಂಠಿ ಮುಂತಾದವು. ಮೆಣಸಿನಕಾಯಿ ಅಮೇರಿಕ ಖಂಡದ ಬೆಳೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಕರಾವಳಿ ಸೇರಿತು. ಇಂದು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿ ಇಲ್ಲದೆ ನಮ್ಮ ಯಾವ ಮನೆಯ ಸಾರೂ ಕೆಂಪಾಗದು.

ಗೋವೆಯಿಂದ ಕೆನರಾ ಕರಾವಳಿಗೆ ಇಳಿದು ಬಂದ ಕೊಂಕಣಿ ಕ್ರೈಸ್ತರಿಗೆ ನೆಲೆ ಕೊಟ್ಟವರು ಕೆಳದಿಯ ನಾಯಕರು. ಅವರ ರಾಜಧಾನಿಗಳಾದ ಕೆಳದಿ, ಇಕ್ಕೇರಿ, ಬಿದನೂರು ಮೂರೂ ಇಂದಿನ ಶಿವಮೊಗ್ಗ ಜಿಲ್ಲೆಯವೇ. ಬೇಸಾಯ ಬಲ್ಲ ಕೈಗಳು ನಾಯಕರಿಗೆ ಬೇಕಾಗಿದ್ದವು. ಕೆನರಾದ ಅಕ್ಕಿ ಪೋರ್ಚುಗೀಸರಿಗೆ ಬೇಕಾಗಿತ್ತು. ಹೀಗೆ ಬಂದವರ ಅಡಿಗೆಯಲ್ಲಿ ಎರಡು ನಾಡುಗಳು ಸೇರಿದವು. ಹುಳಿಯಿಟ್ಟು ಬೆಳ್ಳುಳ್ಳಿ ಹಾಕಿ ಮಾಂಸವನ್ನು ಕೆಡದಂತೆ ಇಡುವುದು ಪೋರ್ಚುಗೀಸರ ಕ್ರಮ. ‘ವಿಂದಾಲು’ ಎಂಬ ಹೆಸರಿನಲ್ಲಿ ದ್ರಾಕ್ಷಾರಸವೂ ಬೆಳ್ಳುಳ್ಳಿಯೂ ಅಡಗಿವೆ. ಕೊತ್ತಂಬರಿ, ಜೀರಿಗೆ, ಅರಿಸಿನ, ತೆಂಗಿನಕಾಯಿ ಈ ಮಣ್ಣಿನವು. ‘ಸೊರ್ಪೊತೆಲ್’ ಕೂಡ ಹಡಗಿನಲ್ಲಿ ಬಂದ ಹೆಸರು. ಹಂದಿಯ ಮಾಂಸ, ಯಕೃತ್ತು, ಹೃದಯಗಳನ್ನು ಮೊದಲು ಬೇಯಿಸಿ, ಸಣ್ಣಗೆ ಹೆಚ್ಚಿ, ಕೊಬ್ಬಿನಲ್ಲಿ ಹುರಿದು, ಹುಳಿಮಸಾಲೆಯಲ್ಲಿ ಕುದಿಸುವ ಈ ಪದಾರ್ಥ ಮಾಡಿದ ದಿನಕ್ಕಿಂತ ಮೂರನೆಯ ದಿನ ರುಚಿ. ಹುಳಿ ಒಳಗಿಳಿಯಲು ಅಷ್ಟು ಕಾಲ ಬೇಕು. ಮೂಲ ಕ್ರಮದಲ್ಲಿ ರಕ್ತವನ್ನೂ ಸೇರಿಸುವುದುಂಟು. ನಮ್ಮಲ್ಲಿ ಬಹುಪಾಲು ಮನೆಗಳು ಬಿಟ್ಟಿವೆ. ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯದಲ್ಲಿ ರಕ್ತವನ್ನು ವರ್ಜಿಸಲು ಹೇಳಿದೆಯಲ್ಲ, ಇದು ಪಾಪವಲ್ಲವೇ ಎಂದು ಕೆಲವರು ನಮ್ಮನ್ನು ಕೇಳಿದ್ದುಂಟು. ಆ ನಿಯಮ ಅಂದಿನ ಯೆಹೂದ್ಯರೂ ಅನ್ಯರೂ ಒಂದೇ ಪಂಕ್ತಿಯಲ್ಲಿ ಕೂರಲೆಂದು ಮಾಡಿದ್ದು, ಅದರ ಕಾರಣ ತೀರಿದೆ ಎಂದು ಫ್ಲಾರೆನ್ಸಿನ ಮಹಾಸಭೆ 1442ರಲ್ಲಿಯೇ ಸಾರಿದೆ. ತಿನ್ನುವವರು ತಿನ್ನಲಿ, ಬೇಡವಾದವರು ಬಿಡಲಿ.

ಘಟ್ಟದ ಮೇಲಕ್ಕೆ ಈ ಅಡಿಗೆ ಬಂದದ್ದು ಆಗುಂಬೆ, ಹುಲಿಕಲ್ಲು ದಾರಿಗಳಲ್ಲಿ, ಕಾಫಿ ತೋಟ, ಅಡಕೆ ತೋಟ, ಮರದ ಕೆಲಸ, ಗಾರೆ ಕೆಲಸ ಹುಡುಕಿ ಬಂದ ಕುಟುಂಬಗಳೊಡನೆ. ಕೆಳಗೆ ತೆಂಗು, ಕಳ್ಳಿನ ಹುಳಿ, ಮೀನು ಧಾರಾಳ. ಇಲ್ಲಿ ಅವು ದುರ್ಲಭ. ಆದಕಾರಣ ಕರಾವಳಿಯ ಹಸಿ ಮಸಾಲೆಗಿಂತ ‘ಬಾಫತ್ ಪುಡಿ’ ಘಟ್ಟದ ಮೇಲೆ ಹೆಚ್ಚು ಆಪ್ತವಾಯಿತು ಎಂಬುದು ನಮ್ಮ ಅಭಿಪ್ರಾಯ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಕುಟ್ಟಿದ ಪುಡಿ ಮಲೆನಾಡಿನ ಮಳೆಗಾಲವನ್ನೂ ತಡೆಯುತ್ತದೆ, ಟ್ರಂಕಿನಲ್ಲಿ ಪ್ರಯಾಣ ಮಾಡುತ್ತದೆ. ಕಳ್ಳಿನ ಹುಳಿಯ ಜಾಗಕ್ಕೆ ಹುಣಿಸೆ ಬಂತು. ಸನ್ನದ ಜೊತೆಗೆ ಮಲೆನಾಡಿನ ಕಡುಬೂ ಅಕ್ಕಿರೊಟ್ಟಿಯೂ ಎಲೆಯ ಮೇಲೆ ಬಂದವು.

ಭದ್ರಾವತಿಯ ಕಥೆ ಬೇರೆ. ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಣ ಕಾಡಿನ ಇದ್ದಿಲು, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವ. ಅನಂತರ 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕುಲುಮೆಯ ಮುಂದೆ ನಿಲ್ಲಲು ತಮಿಳು ನಾಡಿನಿಂದ ಜನ ಬಂದರು. ಕೇರಳದಿಂದ, ಕರಾವಳಿಯಿಂದ, ಬಯಲುಸೀಮೆಯಿಂದಲೂ ಬಂದರು. ಕಾರ್ಖಾನೆಯ ವಸತಿಗೃಹಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಭಾನುವಾರ ಬೆಳಿಗ್ಗೆ ಬಲಿಪೂಜೆ ಮುಗಿಸಿ ಹಿಂದಿರುಗುವಾಗ ಯಾವ ಮನೆಯವರು ಯಾವ ನಾಡಿನವರೆಂದು ಮೂಗೇ ಹೇಳುತ್ತಿತ್ತು. ಸೋಂಪು, ಕಸಕಸೆ ಅರೆದು ಹಾಕಿದ ಕುರಿಮಾಂಸದ ಕೊಳಂಬೂ ಇಡ್ಲಿಯೂ ತಮಿಳರ ಹಬ್ಬದ ಬೆಳಗಿನ ಊಟ. ತೆಂಗಿನ ಹಾಲಿನಲ್ಲಿ ಕರಿಮೆಣಸು, ಚಕ್ಕೆ ಹಾಕಿ ಬೇಯಿಸಿದ ‘ಇಷ್ಟು’ವೂ ಅಪ್ಪವೂ ಮಲಯಾಳಿಗಳ ಪಾಸ್ಕ. ಕನ್ನಡ ಮನೆಗಳಲ್ಲಿ ಮುದ್ದೆ, ಬಾಡಿನ ಸಾರು, ಹುರಿಗಡಲೆ ಹಾಕಿ ಕಟ್ಟಿದ ಕೈಮದುಂಡೆ, ತಲೆಕಾಲಿನ ಸಾರು. ಅಕ್ಕಪಕ್ಕದ ಮುಸಲ್ಮಾನರ ಮನೆಯಿಂದ ರಂಜಾನಿಗೆ ಬಿರಿಯಾನಿ ಬಂದರೆ ಕ್ರಿಸ್ತಜಯಂತಿಗೆ ನಮ್ಮಿಂದ ಕೋಳಿಯೂ ಕುಸ್ವಾರೂ ಹೋಗುತ್ತಿದ್ದವು. ಹಂದಿಯ ಪಾತ್ರೆಗೆ ಹಾಕಿದ ಸೌಟು ಆ ತಟ್ಟೆಗೆ ತಗುಲಬಾರದೆಂದು ತಾಯಂದಿರು ಕಟ್ಟುನಿಟ್ಟಾಗಿದ್ದರು. ಮಾಂಸ ತಿನ್ನದ ನೆರೆಯವರಿಗೆ ಹಣ್ಣು, ಸಕ್ಕರೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೆಯ ಅಧ್ಯಾಯವನ್ನು ಸೆಮಿನರಿಯಲ್ಲಿ ನಾವು ತಿಂಗಳುಗಟ್ಟಲೆ ಓದಿದೆವು. ಈ ತಾಯಂದಿರು ಅದನ್ನು ಓದದೆಯೇ ನಡೆಸುತ್ತಿದ್ದರು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಅಂದಿನವರು ದಿನವೂ ಮಾಂಸ ತಿನ್ನುತ್ತಿದ್ದರೆಂದು ಇಂದಿನ ಮಕ್ಕಳು ತಿಳಿಯಬಾರದು. ಸಂಬಳದ ವಾರ ಒಮ್ಮೆ, ಹಬ್ಬಕ್ಕೊಮ್ಮೆ, ನೆಂಟರು ಬಂದಾಗ ಒಮ್ಮೆ. ಏಳೆಂಟು ಜನರ ಮನೆಗೆ ಅರ್ಧ ಕಿಲೋ ತಂದು, ಆಲೂಗೆಡ್ಡೆಯೋ ಬೂದುಗುಂಬಳವೋ ಸೇರಿಸಿ ಸಾರನ್ನು ಹಿಗ್ಗಿಸುತ್ತಿದ್ದರು. ತುಂಡುಗಳನ್ನು ಎಣಿಸಿ ಬಡಿಸುವುದು ತಾಯಿಯ ಕೆಲಸ; ಕೊನೆಗೆ ಅವಳ ತಟ್ಟೆಗೆ ಎಷ್ಟು ಬಿತ್ತೆಂದು ಯಾರೂ ಎಣಿಸಲಿಲ್ಲ. ಒಬ್ಬ ಹಿರಿಯ ತಾಯಿ ನಮ್ಮೊಡನೆ ಹೇಳಿದರು: “ಸ್ವಾಮಿಯೋರೇ, ನನಗೆ ಮೂಳೆ ಅಂದ್ರೇನೇ ಇಷ್ಟ ಅಂತ ಮಕ್ಕಳು ಇವತ್ತಿಗೂ ನಂಬಿಕೊಂಡಿದ್ದಾರೆ.”

ಬಡತನದ ಜೊತೆಗೆ ಧರ್ಮಸಭೆಯ ನಿಯಮವೂ ಇತ್ತು. 1917ರ ಧರ್ಮಸಭಾ ಶಾಸನದಂತೆ ಶುಕ್ರವಾರಗಳಲ್ಲಿ ಮಾಂಸ ಮಾತ್ರವಲ್ಲ, ಮಾಂಸದ ರಸವೂ ವರ್ಜ್ಯ. ಮೊಟ್ಟೆ, ಹಾಲು, ಒಗ್ಗರಣೆಗೆ ಪ್ರಾಣಿಯ ಕೊಬ್ಬು ಮಾತ್ರ ಸಲ್ಲುತ್ತಿತ್ತು. ಜಗದ್ಗುರು ಆರನೆಯ ಪೌಲರು 1966ರ ಫೆಬ್ರವರಿಯಲ್ಲಿ ಈ ಶಿಸ್ತನ್ನು ಸಡಿಲಿಸಿದರು. 1983ರ ಶಾಸನ ಶುಕ್ರವಾರದ ವರ್ಜನೆಯನ್ನು ಉಳಿಸಿಕೊಂಡು, ಅದರ ರೂಪವನ್ನು ಗೊತ್ತುಮಾಡುವ ಅಧಿಕಾರವನ್ನು ಆಯಾ ನಾಡಿನ ಧರ್ಮಾಧ್ಯಕ್ಷರ ಮಂಡಳಿಗೆ ಕೊಟ್ಟಿತು. ತಪಸ್ಸುಕಾಲಕ್ಕೆ ಮುಂಚಿನ ‘ಇಂತ್ರುಜ್’ ದಿನಗಳಲ್ಲಿ ಹೊಟ್ಟೆ ತುಂಬ ಉಂಡು, ಮಸಾಲೆಯ ಮಡಕೆಯನ್ನು ತೊಳೆದು ಬೋರಲು ಹಾಕಿ, ಪಾಸ್ಕದ ರಾತ್ರಿಯವರೆಗೆ ಮುಟ್ಟದ ಮನೆಗಳನ್ನು ನಾವು ಕಂಡಿದ್ದೇವೆ. ಆ ನಲವತ್ತು ದಿನಗಳೇ ಪಾಸ್ಕದ ಊಟಕ್ಕೆ ಅರ್ಧ ರುಚಿಯನ್ನು ಕೊಡುತ್ತಿದ್ದವು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೂ ಕೊಂಕಣಿ ಮನೆಗಳಲ್ಲಿ ಹೊಸ ಅಕ್ಕಿಯ ತೆನೆ, ತರಕಾರಿ, ಅಂದು ಮಾಂಸವಿಲ್ಲ.

ಇನ್ನು ಬದಲಾವಣೆ. 1959ರ ಸುಮಾರಿಗೆ ನಮ್ಮ ದೇಶದಲ್ಲಿಯೇ ತಯಾರಾಗತೊಡಗಿದ ಪ್ರೆಷರ್ ಕುಕ್ಕರ್ ಕ್ರಮೇಣ ನಮ್ಮ ಮನೆಗಳನ್ನೂ ಹೊಕ್ಕಿತು. ಸೌದೆ ಉಳಿಯಿತು, ತಾಯಂದಿರ ಕಣ್ಣು ಉಳಿಯಿತು. ಇದನ್ನು ದೂರುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ನಾಟಿ ಕೋಳಿಯ ಗಟ್ಟಿ ಮಾಂಸವೂ ಕುರಿಯ ಮುಂಗಾಲೂ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದಾಗ ಅವುಗಳೊಳಗಿನ ನಾರು ಕರಗಿ ಸಾರಿಗೆ ಬರುವ ಅಂಟು, ಐದು ಸೀಟಿಗೆ ಬೆಂದುಬಿಡುವ ಫಾರಂ ಕೋಳಿಯಲ್ಲಿ ಬಾರದು. 2015ರಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ವಸತಿಗೃಹಗಳು ಒಂದೊಂದಾಗಿ ಖಾಲಿಯಾದಂತೆ ಆ ಭಾನುವಾರದ ಪರಿಮಳಗಳೂ ಚದುರಿವೆ.

ಆದುದರಿಂದ ಒಂದಾದರೂ ಅಳತೆಯನ್ನು ಇಲ್ಲಿ ಬರೆದಿಡೋಣ. ಬಾಫತ್ ಪುಡಿಗೆ ಎಷ್ಟೆಷ್ಟು ಎಂದು ಹಿರಿಯ ತಾಯಿಯೊಬ್ಬರನ್ನು ಕೇಳಿದಾಗ ಅವರು ಅಂಗೈ ತೋರಿಸಿದರು. ಅವರ ಮೊಮ್ಮಗಳು ತಕ್ಕಡಿ ಹಿಡಿದು, ಅಜ್ಜಿ ಮೊರಕ್ಕೆ ಹಾಕಿದ್ದನ್ನೆಲ್ಲ ತೂಗಿ ಬರೆದುಕೊಂಡಳು: ಬ್ಯಾಡಗಿ ಮೆಣಸಿನಕಾಯಿ ಅರ್ಧ ಕಿಲೋ, ಕೊತ್ತಂಬರಿ ಬೀಜ 250 ಗ್ರಾಂ, ಜೀರಿಗೆ 100 ಗ್ರಾಂ, ಕರಿಮೆಣಸು 50, ಅರಿಸಿನ 50, ಸಾಸಿವೆ 25, ಲವಂಗ, ಚಕ್ಕೆ ಹತ್ತು ಹತ್ತು ಗ್ರಾಂ. ಒಂದು ಕಿಲೋ ಹಂದಿಮಾಂಸಕ್ಕೆ ಈ ಪುಡಿ ನಾಲ್ಕು ದೊಡ್ಡ ಚಮಚ, ಈರುಳ್ಳಿ ನಾಲ್ಕು, ಬೆಳ್ಳುಳ್ಳಿ ಒಂದು ಗೆಡ್ಡೆ, ಎರಡು ಬೆರಳುದ್ದ ಶುಂಠಿ, ಹಸಿಮೆಣಸು ಐದು, ನಿಂಬೆ ಗಾತ್ರದ ಹುಣಿಸೆ, ಉಪ್ಪು. ಎಣ್ಣೆ ಬೇಡ, ಕಾಯಿ ಬೇಡ. ಕೊಬ್ಬು ತಾನೇ ಇಳಿದು ಮೇಲೆ ನಿಲ್ಲುವ ತನಕ ಸಣ್ಣ ಉರಿಯಲ್ಲಿ ಮುಚ್ಚಿಡಬೇಕು. ಹಂದಿಮಾಂಸವನ್ನು ಅರೆಬೆಂದಾಗ ಇಳಿಸಬಾರದು, ಲಾಡಿಹುಳುವಿನ ಭಯವುಂಟು. ಪುಡಿಯ ಭರಣಿಗೆ ತೇವದ ಚಮಚ ತಗುಲದಿದ್ದರೆ ಮುಂದಿನ ಕ್ರಿಸ್ತಜಯಂತಿಯವರೆಗೆ ಕೆಡದು ಎಂದು ಅಜ್ಜಿ ಹೇಳಿದ್ದನ್ನೂ ಆ ಹುಡುಗಿ ಕೆಳಗೆ ಬರೆದುಕೊಂಡಿದ್ದಾಳೆ.