ಡೂಮ್ಸ್‌ಡೇ ತಟ್ಟೆಗಳು ಮತ್ತು ಯಂತ್ರದೊಳಗಿನ ಯಂತ್ರ

ಇಂಗ್ಲೆಂಡಿನ ದೊರೆ ಒಂದನೆಯ ವಿಲಿಯಂನ ಕಾಲದಲ್ಲಿ, 1086ರಲ್ಲಿ ನಡೆದ ಭೂಸಮೀಕ್ಷೆಯ ಕಡತ ‘ಡೂಮ್ಸ್‌ಡೇ ಬುಕ್’ ಚರ್ಮದ ಹಾಳೆಗಳ ಮೇಲೆ ಇಂದಿಗೂ ಓದಲು ಸಿಗುತ್ತದೆ. ಅದರ 900ನೆಯ ವರ್ಷದ ನೆನಪಿಗೆ ಬಿಬಿಸಿ 1986ರಲ್ಲಿ ಹೊರತಂದ ಹೊಸ ಡೂಮ್ಸ್‌ಡೇಯ ಗತಿ ಬೇರೆಯಾಯಿತು. ಶಾಲಾಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಒದಗಿಸಿದ ಊರುಗಳ ವಿವರ, ಚಿತ್ರ, ನಕ್ಷೆಗಳು ಎರಡು ಲೇಸರ್ ತಟ್ಟೆಗಳಲ್ಲಿ ಅಡಕವಾದವು. ಅವನ್ನು ತೆರೆಯಲು ಬಿಬಿಸಿ ಮಾಸ್ಟರ್ ಗಣಕಯಂತ್ರವೂ ಫಿಲಿಪ್ಸ್ ಕಂಪನಿಯ ವಿಶೇಷ ಪ್ಲೇಯರೂ ಬೇಕಿದ್ದವು. ಬೆಲೆ ದುಬಾರಿ, ಕೊಂಡವರು ಕೆಲವರೇ. ಇಪ್ಪತ್ತು ವರ್ಷ ತುಂಬುವ ಮೊದಲೇ, ತಟ್ಟೆಗಳಿದ್ದರೂ ಅವನ್ನು ಓದುವ ಯಂತ್ರ ಅಪರೂಪವಾಯಿತು.

ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ‘ಕ್ಯಾಮಿಲಿಯಾನ್’ ಯೋಜನೆ 2002ರಲ್ಲಿ ಒಂದು ದಾರಿ ತೋರಿತು. ತಟ್ಟೆಯ ದತ್ತಾಂಶವನ್ನು ನಕಲಿಸಿಕೊಂಡು ಅಲ್ಲಿಗೇ ನಿಲ್ಲದೆ, ಹಳೆಯ ಗಣಕ ಹಾಗೂ ಪ್ಲೇಯರುಗಳ ನಡೆಯನ್ನೇ ಹೊಸ ಗಣಕದೊಳಗೆ ತಂತ್ರಾಂಶದಿಂದ ಅನುಕರಿಸಿತು. ಬಿಬಿಸಿ 2011ರಲ್ಲಿ ಒಂದು ತಟ್ಟೆಯ ಬರಹ-ಚಿತ್ರಗಳನ್ನು ಅಂತರಜಾಲಕ್ಕೆ ತಂದಿತು. ಆ ತಾಣ 2018ರಲ್ಲಿ ಮುಚ್ಚಿತು. ಆದರೆ ದೇಶದ ನಕ್ಷೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಒಂದು ಹಳ್ಳಿಗೆ ಇಳಿಯುವ ಓದಿನ ಕ್ರಮವಿದ್ದದ್ದು ಮೂಲ ತಂತ್ರಾಂಶದಲ್ಲಿ. ತಾಳೆಗರಿಯ ಅಳತೆ, ದಾರದ ರಂಧ್ರಗಳನ್ನೂ ದಾಖಲಿಸುವ ನಾವು ಇದನ್ನು ಪಠ್ಯಕ್ಕೆ ಹೊರಗಿನದೆಂದು ಬಿಡಲಾಗದು.

ಈ ಪ್ರಶ್ನೆ ದೂರದ್ದೇನಲ್ಲ. 1990ರ ದಶಕದಲ್ಲಿ ಯೂನಿಕೋಡ್ ಬಳಕೆಗೆ ಬರುವ ಮುನ್ನ ಪೇಜ್‌ಮೇಕರಿನಲ್ಲಿ ಜೋಡಿಸಿದ ಕನ್ನಡ ಪುಟಗಳು, ಅವುಗಳ ಫಾಂಟ್ ಇಲ್ಲದಿದ್ದರೆ ರೋಮನ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತವೆ. ಇಲ್ಲಿ ಸಂಸ್ಕಾರಕದ ಕುಲ ಒಂದೇ ಆದ್ದರಿಂದ ಕೆಲಸ ಸುಲಭ: ಇಂದಿನ ಗಣಕದೊಳಗೆ ‘ವರ್ಚುವಲ್ ಮೆಷಿನ್’ ಒಂದನ್ನು ನಿಲ್ಲಿಸಿ, ಅದರಲ್ಲಿ ಅಂದಿನ ವಿಂಡೋಸ್, ಪೇಜ್‌ಮೇಕರ್, ಫಾಂಟುಗಳನ್ನು ಹೂಡಿದರೆ ಪುಟ ಮೊದಲಿನಂತೆ ಕಾಣುತ್ತದೆ. ಹೊರನಾಡಿನ ಕನ್ನಡ ಸಂಘಗಳ ಸ್ಮರಣಸಂಚಿಕೆಗಳನ್ನು ಸಂಗ್ರಹಿಸುವವರು ಹಳೆಯ ಫ್ಲಾಪಿಗಳ ಜೊತೆಗೆ ಆ ಫಾಂಟುಗಳನ್ನೂ ಕೇಳಿ ಪಡೆಯಬೇಕು.