ಅಂಡವಾಯು

ಹರ್ನಿಯಾಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ‘ಅಂಡವಾಯು’ ಎಂಬ ಹೆಸರು ರೋಗದ ಜಾಗ, ಕಾರಣ ಎರಡನ್ನೂ ತಪ್ಪಾಗಿ ಹೇಳುತ್ತದೆ. ಇಲ್ಲಿ ಅಂಡ ಊದುವುದಿಲ್ಲ, ವಾಯು ತುಂಬುವುದೂ ಇಲ್ಲ; ಹೊಟ್ಟೆಯ ಗೋಡೆ ಸಡಿಲವಾದ ಕಡೆ ಕರುಳೋ ಕೊಬ್ಬೋ ಹೊರಚಾಚುತ್ತದೆ. ಸುಶ್ರುತ ಸಂಹಿತೆಯೇ ವಾತವೃದ್ಧಿಯನ್ನೂ ಅಂತ್ರವೃದ್ಧಿಯನ್ನೂ ಬೇರೆಬೇರೆಯಾಗಿ ಎಣಿಸಿದೆ; ವೃದ್ಧಿಯೆಂದರೆ ಊತ, ವಾತವೆಂದರೆ ವಾಯು, ಅಂತ್ರವೆಂದರೆ ಕರುಳು. ಬಳಕೆಯ ಮಾತು ಎಲ್ಲರಿಗೂ ತಿಳಿಯುತ್ತದಲ್ಲ ಎನ್ನಬಹುದು. ಆದರೆ ಆ ಮಾತು ಗಮನವನ್ನು ಅಂಡದತ್ತಲೇ ಸೆಳೆಯುತ್ತದೆ; ವೃಷಣಚೀಲಕ್ಕೆ ಇಳಿಯುವುದು ಹೆಚ್ಚಾಗಿ ಒಂದೇ ಬಗೆ, ವೃಷಣ ಇಳಿದುಬಂದ ದಾರಿಯನ್ನೇ ಹಿಡಿಯುವ ಪರೋಕ್ಷ ಹರ್ನಿಯಾ. ವಯಸ್ಸಾದವರಲ್ಲಿ ಹೆಚ್ಚು ಕಾಣುವ ನೇರ ಹರ್ನಿಯಾ ತೊಡೆಸಂದಿನಲ್ಲೇ ಉಬ್ಬುತ್ತದೆ. ಗಂಡಸರಲ್ಲಿ ಅಪರೂಪವಾದ ಫೆಮೊರಲ್ ಹರ್ನಿಯಾ ಇನ್ನೂ ಕೆಳಗೆ, ತೊಡೆಯ ಬುಡದಲ್ಲಿ. ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಲ್ಲುವ ಅಪಾಯ ಹೆಚ್ಚಿರುವುದು ಇದರಲ್ಲೇ. ಅಂಡ ಊದಿಲ್ಲವೆಂದು ಸುಮ್ಮನಿರುವವರು ಕಡೆಗಣಿಸುವುದೂ ಇದನ್ನೇ. ಉಬ್ಬು ಒಳಸರಿಯದೆ ಗಟ್ಟಿಯಾಗಿ ನೋಯತೊಡಗಿದರೆ, ಅದೆಲ್ಲೇ ಇರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು.